2111 ಇಟ್ಟರೆ 6174 ಬರುತ್ತಿಲ್ಲ, ಸೊನ್ನೆ ಬರುತ್ತಿದೆ. ತಪ್ಪು ಎಲ್ಲಿ?

ಮಲ್ಲಿಗೆಮೊಗ್ಗು, ತುಮಕೂರು

ಎಲ್ಲರಿಗೂ ನಮಸ್ಕಾರ. ಮಗಳು ಆರನೇ ಕ್ಲಾಸು. ಅವಳ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ ಗಣಿತಜ್ಞ ಕಾಪ್ರೇಕರ್ ಅವರ ಒಂದು ಆಟ ಇದೆ. ನಾಲ್ಕು ಅಂಕಿಯ ಒಂದು ಸಂಖ್ಯೆ ತಗೊಳ್ಳಬೇಕು. ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆಯಬೇಕು. ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಮತ್ತೆ ಹಾಗೇ ಮಾಡಬೇಕು. ಕೊನೆಗೆ 6174 ಬರುತ್ತದೆ, ಆಮೇಲೆ ಅಲ್ಲೇ ನಿಂತುಬಿಡುತ್ತದೆ.

ನಿನ್ನೆ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತೆವು. ರಾಜ್ಯ ಒಂದಾದ ವರ್ಷ ಅಂತ 1956 ಇಟ್ಟೆ. 9651ರಲ್ಲಿ 1569 ಕಳೆದರೆ 8082. 8820ರಲ್ಲಿ 0288 ಕಳೆದರೆ 8532. 8532ರಲ್ಲಿ 2358 ಕಳೆದರೆ 6174. ಮೂರೇ ಹೆಜ್ಜೆ. ಕರ್ನಾಟಕ ಅಂತ ಹೆಸರಾದ 1973 ಎರಡೇ ಹೆಜ್ಜೆಗೆ ಮುಗಿಯಿತು. 1947ಕ್ಕೆ ಐದು ಹೆಜ್ಜೆ ಬೇಕಾಯಿತು.

ಆಮೇಲೆ ಮಗಳು 2111 ಇಟ್ಟಳು. 2111ರಲ್ಲಿ 1112 ಕಳೆದರೆ 999. ಅದನ್ನು ಹೇಗೆ ತಿರುಗಿಸಿದರೂ 999. ಕಳೆದರೆ ಸೊನ್ನೆ. "ಅಮ್ಮಾ, ಪುಸ್ತಕ ತಪ್ಪು" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು: 6174ರಲ್ಲಿ ಅಂಥದ್ದೇನಿದೆ? ಯಾಕೆ 6175 ಅಲ್ಲ? ಎರಡಕ್ಕೂ ಉತ್ತರ ತಿಳಿದವರು ಹೇಳಿ. ಅವಳು ಪಕ್ಕದಲ್ಲೇ ಕೂತಿದ್ದಾಳೆ.

ಬಿಡಿಹತ್ತುನೂರು, ನಿವೃತ್ತ ಗಣಿತ ಮೇಷ್ಟ್ರು

ಮಗುವಿಗೆ ನನ್ನ ಮೆಚ್ಚುಗೆ ಹೇಳಿ ತಾಯಿ. ಪುಸ್ತಕವನ್ನೇ ಪರೀಕ್ಷೆ ಮಾಡಿದ್ದಾಳೆ, ಅದು ದೊಡ್ಡದು.

ತಪ್ಪು ಇಷ್ಟೇ. ನಾಲ್ಕು ಅಂಕಿಯ ಆಟ ಅಂದರೆ ಕೊನೆಯವರೆಗೂ ನಾಲ್ಕು ಅಂಕಿ ಇರಬೇಕು. ಬಂದ ಉತ್ತರ 999 ಅಲ್ಲ, 0999. ಆ ಮುಂದಿನ ಸೊನ್ನೆಯನ್ನು ಬಿಡಬಾರದು. ಈಗ ಮಾಡಿ ನೋಡಿ: 9990ರಲ್ಲಿ 0999 ಕಳೆದರೆ 8991. ಆಮೇಲೆ 8082, 8532, 6174. 2111ಕ್ಕೂ ಐದೇ ಹೆಜ್ಜೆ. ನಾಲ್ಕೂ ಅಂಕಿ ಒಂದೇ ಆಗಿದ್ದರೆ ಮಾತ್ರ, ಅಂದರೆ 1111, 2222 ಹೀಗೆ, ಸೊನ್ನೆ ಬರುತ್ತದೆ. ಮಿಕ್ಕ ಯಾವುದೇ ಸಂಖ್ಯೆ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ಸೇರುತ್ತದೆ.

ನಾನು ಪಾಠ ಮಾಡುವಾಗ ಈ ಸೊನ್ನೆಯ ಹತ್ತಿರ ಪ್ರತಿ ವರ್ಷವೂ ಯಾರಾದರೂ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಮುಂದಿನ ಸೊನ್ನೆಗೆ ಬೆಲೆ ಇಲ್ಲ ಅಂತ ಮೂರನೇ ಕ್ಲಾಸಿನಿಂದ ನಾವೇ ಹೇಳಿಕೊಟ್ಟಿರುತ್ತೇವೆ. ಇಲ್ಲಿ ಅದು ಒಂದು ಜಾಗ ಹಿಡಿದುಕೊಂಡು ಕೂತಿರುತ್ತದೆ.

ಮಲ್ಲಿಗೆಮೊಗ್ಗು

ಮೇಷ್ಟ್ರೇ, ಬಂತು! ಅವಳೇ ಬರೆದು ನೋಡಿದಳು. ಈಗ ಎರಡನೇ ಪ್ರಶ್ನೆಯನ್ನು ಬಿಡುತ್ತಿಲ್ಲ. 6174ಕ್ಕೇ ಯಾಕೆ?

ಕಾಗದಪೆನ್ಸಿಲ್, ಮೈಸೂರು

ಇದನ್ನು ನಾನು ಹೇಳುತ್ತೇನೆ. ಆರನೇ ಕ್ಲಾಸಿನ ಮಗುವಿಗೂ ಅರ್ಥ ಆಗುವ ಉತ್ತರ ಇದೆ.

ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ನಾಲ್ಕು ಅಂಕಿಗಳನ್ನು ಅ, ಆ, ಇ, ಈ ಅನ್ನೋಣ. ಇಳಿಕೆ ಕ್ರಮದ ಸಂಖ್ಯೆಯಲ್ಲಿ ಅ ಸಾವಿರದ ಸ್ಥಾನದಲ್ಲಿದೆ. ಏರಿಕೆ ಕ್ರಮದ್ದರಲ್ಲಿ ಅದೇ ಅ ಬಿಡಿ ಸ್ಥಾನಕ್ಕೆ ಹೋಗುತ್ತದೆ. ಕಳೆದಾಗ ಅ ಪಾಲಿಗೆ ಉಳಿಯುವುದು 999. 'ಈ' ಪಾಲಿಗೆ ಮೈನಸ್ 999. ಹಾಗೆಯೇ 'ಆ' ಪಾಲಿಗೆ 90, 'ಇ' ಪಾಲಿಗೆ ಮೈನಸ್ 90. ಒಟ್ಟಿಗೆ ಬರೆದರೆ:

ಉತ್ತರ = 999 × (ಅ − ಈ) + 90 × (ಆ − ಇ)

ಅಂದರೆ ನಾಲ್ಕು ಅಂಕಿಗಳು ಏನೇನು ಅನ್ನುವುದು ಬೇಕಾಗಿಲ್ಲ. ಎರಡು ವ್ಯತ್ಯಾಸ ಮಾತ್ರ ಸಾಕು. ಹೊರಗಿನ ಎರಡರ ವ್ಯತ್ಯಾಸ, ಒಳಗಿನ ಎರಡರ ವ್ಯತ್ಯಾಸ. ಹೊರಗಿನದು 1ರಿಂದ 9ರವರೆಗೆ ಏನಾದರೂ ಇರಬಹುದು. ಒಳಗಿನದು ಸೊನ್ನೆಯಿಂದ ಶುರುವಾಗಿ ಹೊರಗಿನದರವರೆಗೆ ಹೋಗಬಹುದು, ಅದನ್ನು ಮೀರುವ ಹಾಗಿಲ್ಲ. ಎಣಿಸಿದರೆ 2 + 3 + 4 + ... + 10 = 54.

ಇಲ್ಲೇ ಇರುವುದು ಗುಟ್ಟು. ನಾಲ್ಕು ಅಂಕಿಯ ಸಂಖ್ಯೆಗಳು ಸಾವಿರಾರು. ಆದರೆ ಮೊದಲ ಹೆಜ್ಜೆ ಇಟ್ಟ ಕೂಡಲೇ ಅವೆಲ್ಲ 54 ಬಾಗಿಲುಗಳಲ್ಲಿ ಒಂದನ್ನು ಹಾದುಹೋಗಲೇಬೇಕು. ಒಂದು ರಜೆಯ ದಿನ ಮಗಳನ್ನು ಕೂರಿಸಿಕೊಂಡು ಆ 54ನ್ನೂ ಬರೆಸಿ. ಒಂದೊಂದರಿಂದ ಬಾಣ ಎಳೆಯುತ್ತಾ ಹೋಗಲಿ. ಎಲ್ಲ ಬಾಣಗಳೂ 6174ರ ಕಡೆ ಹರಿಯುವುದು ಕಣ್ಣಿಗೇ ಕಾಣುತ್ತದೆ. ಅದೇ ಪೂರ್ತಿ ಸಾಧನೆ (ರುಜುವಾತು), ಕಂಪ್ಯೂಟರ್ ಬೇಡ. 6174ರ ಅಂಕಿಗಳು 7, 6, 4, 1. ಹೊರಗಿನ ವ್ಯತ್ಯಾಸ 6, ಒಳಗಿನದು 2. 999 × 6 = 5994, 90 × 2 = 180. ಕೂಡಿಸಿದರೆ 6174. ತನ್ನಿಂದ ತಾನೇ ಹುಟ್ಟಿಕೊಂಡಿತು.

ಸಂಜೆಬಸ್ಸು, ಬೆಂಗಳೂರು

ವಿವರಣೆ ಚೆನ್ನಾಗಿದೆ ಸರ್. ಆದರೂ ನನಗೊಂದು ಅನುಮಾನ ಇದೆ, ಹೇಳಿಬಿಡುತ್ತೇನೆ.

ನಾವು ಹತ್ತರಲ್ಲಿ ಎಣಿಸುವುದು ಕೈಯಲ್ಲಿ ಹತ್ತು ಬೆರಳು ಇರುವುದಕ್ಕೆ. ಎಂಟೇ ಬೆರಳು ಇದ್ದಿದ್ದರೆ ಎಂಟರಲ್ಲಿ ಎಣಿಸುತ್ತಿದ್ದೆವು, ಆಗ 6174 ಅಂತ ಯಾರೂ ಬರೆಯುತ್ತಿರಲಿಲ್ಲ. ಅವಿಭಾಜ್ಯ ಸಂಖ್ಯೆ ಹಾಗಲ್ಲ. 13 ಬೀಜಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಲು ಆಗುವುದಿಲ್ಲ ಅನ್ನುವುದು ಯಾವ ರೀತಿ ಬರೆದರೂ ನಿಜ. ಅಂಕಿಗಳ ಗುಣ ಸಂಖ್ಯೆಯ ಗುಣವೋ, ಬರೆಯುವ ಪದ್ಧತಿಯ ಗುಣವೋ?

ಇಂಗ್ಲೆಂಡಿನ ಗಣಿತಜ್ಞ ಜಿ. ಎಚ್. ಹಾರ್ಡಿ 1940ರಲ್ಲೇ ಈ ಮಾತು ಎತ್ತಿದ್ದರು. ಎರಡು ಉದಾಹರಣೆ ಕೊಟ್ಟರು. ನಾಲ್ಕು ಅಂಕಿಯಲ್ಲಿ ತನ್ನ ತಿರುವು ಸಂಖ್ಯೆಯಿಂದ ಭಾಗವಾಗುವುದು 8712 ಮತ್ತು 9801 ಎರಡೇ: 8712 = 4 × 2178, 9801 = 9 × 1089. ಇನ್ನೊಂದು, 1ನ್ನು ಬಿಟ್ಟರೆ ತನ್ನ ಅಂಕಿಗಳ ಘನಗಳ ಮೊತ್ತಕ್ಕೆ ಸಮನಾಗುವುದು 153, 370, 371, 407 ಮಾತ್ರ. ಇವು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇವುಗಳಲ್ಲಿ ಹಿಡಿಸುವಂಥದ್ದು ಏನಿಲ್ಲ ಅಂದರು. ನೀಲ್ ಸ್ಲೋನ್ 1964ರಲ್ಲಿ ಶುರು ಮಾಡಿದ ಸಂಖ್ಯಾ ಸರಣಿಗಳ ವಿಶ್ವಕೋಶದಲ್ಲೂ ಇಂಥ ಸರಣಿಗಳಿಗೆ 'ಬೇಸ್' ಅಂತ ಬೇರೆ ಗುರುತು ಹಾಕುತ್ತಾರೆ. ಬರೆಯುವ ಆಧಾರ, ಅಂದರೆ ಎಷ್ಟರಲ್ಲಿ ಎಣಿಸುತ್ತೇವೆ ಅನ್ನುವುದು, ಬದಲಾದರೆ ಇದೂ ಬದಲಾಗುತ್ತದೆ ಅನ್ನುವ ಎಚ್ಚರಿಕೆ ಅದು.

ಮಗುವಿನ ಉತ್ಸಾಹಕ್ಕೆ ನೀರು ಹಾಕುವ ಉದ್ದೇಶ ಖಂಡಿತ ಇಲ್ಲ. ಸುಮ್ನೆ ನಿಜವಾದ ಅನುಮಾನ.

ಬಿಡಿಹತ್ತುನೂರು

ಅನುಮಾನ ಸರಿಯಾಗಿಯೇ ಇದೆ. ಕಾಪ್ರೇಕರ್ ಅವರೂ ಜೀವನವಿಡೀ ಇದೇ ಮಾತನ್ನು ಎದುರಿಸಿದರು. ಅವರು ಹುಟ್ಟಿದ್ದು 1905ರಲ್ಲಿ, ಮುಂಬೈಗೆ ಉತ್ತರದ ಡಹಾಣುವಿನಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. 1930ರಿಂದ 1962ರವರೆಗೆ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದರು. ಡಾಕ್ಟರೇಟ್ ಇಲ್ಲ, ವಿಶ್ವವಿದ್ಯಾಲಯದ ಕೆಲಸ ಇಲ್ಲ. 6174ರ ಸಂಗತಿ ಕಂಡುಕೊಂಡದ್ದು 1949ರಲ್ಲಿ. ತಮ್ಮ ಸಂಶೋಧನೆಗಳನ್ನು ಎಷ್ಟೋ ಸಲ ಸ್ವಂತ ಖರ್ಚಿನಲ್ಲಿ ಪುಟ್ಟ ಪುಸ್ತಕ ಮಾಡಿ ಹಂಚಿದರು. ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಬರೆದ ಮೇಲೆ ಹೊರಗಿನ ಲೋಕ ಅವರ ಹೆಸರು ಕೇಳಿತು. ಆಗ ಅವರಿಗೆ ಎಪ್ಪತ್ತು. 1986ರಲ್ಲಿ ತೀರಿಕೊಂಡರು.

ಸ್ಕೂಲ್ ಮೇಷ್ಟ್ರು ಕೆಲಸ ಮಾಡಿದವನಾಗಿ ನನಗೆ ಆ ಮೂವತ್ತೆರಡು ವರ್ಷಗಳ ನೆನಪೇ ಜಾಸ್ತಿ ಬರುತ್ತದೆ. ನೋಟ್‌ಬುಕ್ ತಿದ್ದಿ, ಗಂಟೆ ಹೊಡೆದ ಮೇಲೆ ಮನೆಗೆ ಬಂದು, ಮತ್ತೆ ಸಂಖ್ಯೆಗಳ ಜೊತೆ ಕೂರುವುದು.

ಕಾಗದಪೆನ್ಸಿಲ್

ಬಸ್ಸು ಅವರೇ, ನಿಮ್ಮ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡುವ ಬದಲು ಮಾಡಿಯೇ ನೋಡಿದೆ. ನಿನ್ನೆ ರಾತ್ರಿ ಹನ್ನೆರಡರವರೆಗೆ ಕೂತಿದ್ದೆ. ಬೇರೆ ಆಧಾರದಲ್ಲಿ ಬರೆದರೆ 6174 ಮಾಯವಾಗುತ್ತದೆ, ಹೌದು. ಹಾಗಾದರೆ ಅದರ ಜಾಗಕ್ಕೆ ಇನ್ನೇನಾದರೂ ಬರುತ್ತದೆಯೋ?

ಐದರಲ್ಲಿ ಎಣಿಸೋಣ. ಆಗ 0, 1, 2, 3, 4 ಐದೇ ಅಂಕಿ. 3032 ಅಂತ ಬರೆಯಿರಿ. ಇಳಿಕೆ 3320, ಏರಿಕೆ 0233. ಐದರ ಲೆಕ್ಕದಲ್ಲಿ ಕಳೆದರೆ ಮತ್ತೆ 3032! (ನಮ್ಮ ಲೆಕ್ಕದಲ್ಲಿ 460 − 68 = 392, ಅದನ್ನು ಐದರಲ್ಲಿ ಬರೆದರೆ 3032.)

ಹದಿನೈದರಲ್ಲಿ ಎಣಿಸಿದರೆ ಅಂಕಿಗಳು 9, 2, 11, 6. ಇಪ್ಪತ್ತರಲ್ಲಿ 12, 3, 15, 8. ಇವೂ ತಮ್ಮನ್ನು ತಾವೇ ಮರಳಿ ಕೊಡುತ್ತವೆ.

ಈಗ ಇವನ್ನು ಒಂದರ ಕೆಳಗೆ ಒಂದು ಬರೆಯಿರಿ.

ಐದರಲ್ಲಿ: 3, 0, 3, 2
ಹತ್ತರಲ್ಲಿ: 6, 1, 7, 4
ಹದಿನೈದರಲ್ಲಿ: 9, 2, 11, 6
ಇಪ್ಪತ್ತರಲ್ಲಿ: 12, 3, 15, 8

ಮೊದಲ ಕಂಬ 3ರ ಮಗ್ಗಿ. ಎರಡನೆಯದು ಒಂದೊಂದಾಗಿ ಏರುತ್ತದೆ. ಮೂರನೆಯದು ನಾಲ್ಕು ನಾಲ್ಕಾಗಿ, ಕೊನೆಯದು ಎರಡು ಎರಡಾಗಿ. ಐದರ ಮಗ್ಗಿಯಲ್ಲಿ ಬರುವ ಯಾವ ಆಧಾರ ತಗೊಂಡರೂ ಇದು ಹೀಗೇ ಮುಂದುವರಿಯುತ್ತದೆ. ಕಾರಣವೂ ಕೈಗೆ ಸಿಗುತ್ತದೆ. ಹೊರಗಿನ ವ್ಯತ್ಯಾಸ ಹ, ಒಳಗಿನದು ಒ, ಆಧಾರ ಬ ಅಂದರೆ, ಸಾಲ ತೆಗೆದು ಕಳೆದಾಗ ಬರುವ ನಾಲ್ಕು ಅಂಕಿ ಹ, ಒ−1, ಬ−1−ಒ, ಬ−ಹ. (ಒ ಸೊನ್ನೆ ಅಲ್ಲ ಅಂತ ಇಟ್ಟುಕೊಂಡಿದ್ದೇನೆ.) ಆಧಾರದ ಐದರಲ್ಲಿ ಒಂದು ಭಾಗವನ್ನು ಒ ಅಂತಲೂ, ಮೂರು ಭಾಗವನ್ನು ಹ ಅಂತಲೂ ಇಟ್ಟು ನೋಡಿ. ಸರಿಯಾಗಿ ಕೂರುತ್ತದೆ.

6174 ಒಂಟಿ ಅಲ್ಲ ಅಂತ ಗೊತ್ತಾದಾಗ ನನಗೆ ಆದ ಸಂತೋಷ ಹೇಳಲಾರೆ. ಅದಕ್ಕೆ ಅಣ್ಣತಮ್ಮಂದಿರು ಇದ್ದಾರೆ. ನಮ್ಮ ಹತ್ತು ಬೆರಳಿನಿಂದಾಗಿ ನಮಗೆ ಆ ಮನೆಯವರಲ್ಲಿ ಒಬ್ಬರು ಮಾತ್ರ ಕಂಡರು.

ಸಂಜೆಬಸ್ಸು

ಪ್ರೋಗ್ರಾಂ ಬರೆದು ಪರೀಕ್ಷೆ ಮಾಡಿದೆ. ಹೌದು, ಸರಿ ಇದೆ. ಐದರ ಮಗ್ಗಿಯ ಆಚೆಗೂ ಒಂದು ಸಿಕ್ಕಿತು: ನಾಲ್ಕರಲ್ಲಿ ಎಣಿಸಿದರೆ 3021. ಅದು ಈ ಮನೆಯದ್ದಲ್ಲ, ಬೇರೆ ಕಡೆಯದು.

ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. 6174 ಅನ್ನುವ ಸಂಖ್ಯೆ ಹತ್ತರ ಆಧಾರದ್ದು. 'ಜೋಡಿಸಿ ಕಳೆ' ಅನ್ನುವ ಕ್ರಿಯೆ ಹತ್ತಕ್ಕೆ ಅಂಟಿಕೊಂಡಿಲ್ಲ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಹಾರ್ಡಿ ಹೇಳಿದ 153ರ ಬಗ್ಗೆಯೂ ಮತ್ತೆ ಯೋಚನೆ ಬಂತು. 1³ + 5³ + 3³ = 153. ಇದನ್ನೇ ಮುಂದುವರಿಸಿದರೆ ನಾಲ್ಕು ಅಂಕಿಗೆ ನಾಲ್ಕನೇ ಘಾತ: 1634, 8208, 9474. ಹೀಗೆ ಎಷ್ಟು ದೂರ ಹೋಗಬಹುದು? ಇಲ್ಲಿ ಒಂದು ಸೊಗಸಾದ ತಡೆ ಇದೆ. 61 ಅಂಕಿಯ ಸಂಖ್ಯೆ ತಗೊಳ್ಳಿ. ಎಲ್ಲ ಅಂಕಿಯೂ 9 ಆಗಿದ್ದರೂ ಘಾತಗಳ ಮೊತ್ತ 61 × 9⁶¹. ಅದು 61 ಅಂಕಿಯ ಅತಿ ಚಿಕ್ಕ ಸಂಖ್ಯೆಯನ್ನೂ ಮುಟ್ಟುವುದಿಲ್ಲ. ಅಂಕಿ ಜಾಸ್ತಿ ಆದಷ್ಟೂ ಅಂತರ ದೊಡ್ಡದಾಗುತ್ತದೆ. ಹಾಗಾಗಿ ಈ ಸರಣಿ ಮುಗಿಯಲೇಬೇಕು. 1985ರಲ್ಲಿ ಡಿಕ್ ವಿಂಟರ್ ಪೂರ್ತಿ ಹುಡುಕಿ ಮುಗಿಸಿದರು: ಒಟ್ಟು 88, ಕೊನೆಯದಕ್ಕೆ 39 ಅಂಕಿ. 153 ಯಾಕೆ ಆ ಪಟ್ಟಿಯಲ್ಲಿದೆ ಅನ್ನುವುದಕ್ಕೆ ಕಾರಣ ಹೇಳಲು ನನಗೆ ಆಗುವುದಿಲ್ಲ. ಪಟ್ಟಿ ಯಾಕೆ ಮುಗಿಯುತ್ತದೆ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಕಾಗಿಣಾದಡ, ಕಲಬುರಗಿ

ತಡವಾಗಿ ಬಂದೆ, ಕ್ಷಮಿಸಿ. ಈ ಮಾತುಕತೆಗೆ ನಮ್ಮ ಕಡೆಯ ಒಂದು ಸಂಗತಿ ಸೇರಿಸಬೇಕು.

ಕಾಗಿಣಾ ನದಿ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಆಗಿನ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಪುಸ್ತಕದ ಶುರುವಿನಲ್ಲಿ ಆ ದೊರೆಯನ್ನು ಹೊಗಳಿದ್ದಾರೆ. ಗುಣಾಕಾರದ ಭಾಗದಲ್ಲಿ ಅವರು ಕೊಟ್ಟ ಲೆಕ್ಕಗಳನ್ನು ನೋಡಿ:

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321

ಉತ್ತರಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರವನ್ನು ಅವರು ರಾಜನ ಕೊರಳಿಗೆ ಹಾಕುವ ಆಭರಣ ಅನ್ನುತ್ತಾರೆ. ಕೊನೆಯದನ್ನು ಒಂದರಿಂದ ಆರರವರೆಗೆ ಏರಿ ಮತ್ತೆ ಅದೇ ಕ್ರಮದಲ್ಲಿ ಇಳಿಯುವುದು ಅಂತ ಬಣ್ಣಿಸಿದ್ದಾರೆ. ಸರ ಅಂದರೆ ಹಾಗೇ ಅಲ್ವಾ? ಕತ್ತಿನ ಹಿಂದೆ ಸಣ್ಣ ಮಣಿ, ಎದೆಯ ಮೇಲೆ ದೊಡ್ಡ ಮಣಿ, ಮತ್ತೆ ಸಣ್ಣದು.

ಇವು ಸುಮ್ನೆ ಸಿಕ್ಕಿದ ಸಂಖ್ಯೆಗಳಲ್ಲ. ಬೇಕಾದ ಸರವನ್ನು ಮೊದಲು ಇಟ್ಟುಕೊಂಡು, ಅದನ್ನು ಒಡೆದು, ಅಪವರ್ತನ ಹುಡುಕಿದ್ದಾರೆ ಅಂತ ನನ್ನ ಎಣಿಕೆ. 73 ಮತ್ತು 152207ನ್ನು ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ಬರುತ್ತವೆ ಅನ್ನುವುದು ಕಣ್ಣು ಮುಚ್ಚಿ ಹೊಳೆಯುವಂಥದ್ದಲ್ಲ.

ನನಗೆ ರೋಮಾಂಚನ ಆಗುವುದು ಇಲ್ಲಿ. 12345654321 ಅಂದರೆ 111111 × 111111. ಸಾವಿರ ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಕಾಪ್ರೇಕರ್ ಇದೇ ಬಗೆಯ 121, 12321, 1234321 ಸಂಖ್ಯೆಗಳ ಹಿಂದೆ ಬಿದ್ದರು. ಮುಂಬೈನಿಂದ ಮೂವತ್ತು ಮೈಲಿ ದೂರದ ಡೆಮ್ಲೋ ಅನ್ನುವ ರೈಲ್ವೆ ಸ್ಟೇಷನ್ನಿನಲ್ಲಿ ಆ ಯೋಚನೆ ಹೊಳೆಯಿತಂತೆ. ಅದಕ್ಕೇ ಅವಕ್ಕೆ ಡೆಮ್ಲೋ ಸಂಖ್ಯೆ ಅಂತ ಹೆಸರಿಟ್ಟರು.

ಕಾಗದಪೆನ್ಸಿಲ್

ಎಂಥ ಸಂಗತಿ ಹೇಳಿದಿರಿ ಸರ್! ಈ ಸರ ಎಲ್ಲಿ ಹರಿಯುತ್ತದೆ ಅನ್ನುವುದನ್ನೂ ಮಗಳಿಗೆ ತೋರಿಸಬಹುದು. ಒಂಬತ್ತು ಒಂದುಗಳವರೆಗೆ ಎಲ್ಲ ಚೆಂದ: 12345678987654321. ಹತ್ತು ಒಂದುಗಳಾದರೆ ನಡುವಿನ ಸ್ಥಾನದಲ್ಲಿ ಹತ್ತು ಬರಬೇಕು. ಒಂದು ಸ್ಥಾನದಲ್ಲಿ ಹತ್ತು ಹಿಡಿಸುವುದಿಲ್ಲ. ಕೈಯಲ್ಲಿ ಒಂದು ಉಳಿದು ಎಡಕ್ಕೆ ಹೋಗುತ್ತದೆ. 1234567900987654321 ಆಗುತ್ತದೆ. ಹದಿನಾರರಲ್ಲಿ ಎಣಿಸುವವರಿಗೆ ಇದೇ ಸರ ಹದಿನೈದು ಒಂದುಗಳವರೆಗೆ ಹರಿಯುವುದಿಲ್ಲ.

ಮಲ್ಲಿಗೆಮೊಗ್ಗು

ಅಣ್ಣಂದಿರೇ, ಮೇಷ್ಟ್ರೇ, ಮನೆಯಲ್ಲಿ ಟಿವಿ ಹಾಕಿಯೇ ಮೂರು ದಿನ ಆಯಿತು. 54 ಬಾಣಗಳನ್ನು ಎಳೆದು ಮುಗಿಸಿದಳು. ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಮರದ ಹಾಗೆ ಕಾಣುತ್ತದೆ.

ಕಾಪ್ರೇಕರ್ ಅವರದ್ದೇ ಇನ್ನೊಂದು ಆಟವನ್ನು ಅವಳ ಟೀಚರ್ ಹೇಳಿದ್ದಾರೆ. ಸಂಖ್ಯೆಗೆ ಅದರ ಅಂಕಿಗಳ ಮೊತ್ತ ಕೂಡಿಸಬೇಕು. 47ಕ್ಕೆ 11 ಕೂಡಿಸಿದರೆ 58. 58ಕ್ಕೆ 13 ಕೂಡಿಸಿದರೆ 71. ಹೀಗೆ ಹೋಗುತ್ತಾ ಇರುತ್ತದೆ. 47 ಇಲ್ಲಿ 58ರ ಜನಕ. ಯಾವ ಜನಕನೂ ಇಲ್ಲದ ಸಂಖ್ಯೆಗೆ ಸ್ವಯಂಭೂ ಅಂತ ಹೆಸರು. 1, 3, 5, 7, 9, ಆಮೇಲೆ 20, 31, 42, 53.

ನಾನು ಹುಟ್ಟಿದ್ದು 1985. ಎಷ್ಟು ಹುಡುಕಿದರೂ ಅದಕ್ಕೆ ಜನಕ ಸಿಗಲಿಲ್ಲ. ಅವಳು ಹುಟ್ಟಿದ್ದು 2014. ಅದಕ್ಕೆ ಎರಡು ಸಿಕ್ಕವು! 1988 + 26 = 2014, 2006 + 8 = 2014. "ನಿನಗೆ ಯಾರೂ ಇಲ್ಲ, ನನಗೆ ಇಬ್ಬರು" ಅಂತ ಕುಣಿಯುತ್ತಿದ್ದಾಳೆ. ನಮ್ಮ ಲೆಕ್ಕ ಸರಿಯೇ?

ಬಿಡಿಹತ್ತುನೂರು

ಸರಿ ಇದೆ ತಾಯಿ, ಎರಡೂ ಸರಿ. ಸ್ವಯಂಭೂ ಅನ್ನುವ ಹೆಸರು ನಮಗೆ ಹೊಸದಲ್ಲ, ತಾನಾಗಿ ಮೂಡಿದ ಲಿಂಗಕ್ಕೂ ಹಾಗೇ ಅನ್ನುತ್ತೇವಲ್ಲ. ಕಾಪ್ರೇಕರ್ ಊರಿನ ನೆನಪಿಗೆ ಇವಕ್ಕೆ ದೇವಳಾಲಿ ಸಂಖ್ಯೆ ಅಂತಲೂ ಹೆಸರಿದೆ.

ಇಬ್ಬರು ಜನಕರಿರುವ ಮೊದಲ ಸಂಖ್ಯೆ 101. 91 + 10, 100 + 1. ಮೂವರು ಇರುವುದಕ್ಕೆ ಬಹಳ ದೂರ ನಡೆಯಬೇಕು. ಕಾಪ್ರೇಕರ್ ತೋರಿಸಿಕೊಟ್ಟ ಸಂಖ್ಯೆ 10,000,000,000,001. ಇದರ ಜನಕರು 10,000,000,000,000, 9,999,999,999,901 ಮತ್ತು 9,999,999,999,892. ಮಗುವಿಗೆ ಅಂಕಿಗಳನ್ನು ಕೂಡಿಸಿ ಪರೀಕ್ಷೆ ಮಾಡಲು ಹೇಳಿ. ಮೂರೂ ಕಡೆ ಸರಿಯಾಗಿ ಬರುತ್ತದೆ.

ಸಂಜೆಬಸ್ಸು

ಅಕ್ಕಾ, 1970ರಿಂದ 2040ರವರೆಗಿನ ಸ್ವಯಂಭೂ ವರ್ಷಗಳನ್ನು ತೆಗೆದೆ: 1974, 1985, 1996, 2007, 2022, 2033. ಹನ್ನೊಂದು ಹನ್ನೊಂದು ವರ್ಷಕ್ಕೆ ಬರುತ್ತಿದೆ. 2007ರಿಂದ 2022ಕ್ಕೆ ಮಾತ್ರ ಹದಿನೈದು. 2018 ಆಗಬೇಕಿತ್ತು, ಆಗಿಲ್ಲ. ಪ್ರೋಗ್ರಾಂ ತಪ್ಪಿರಬಹುದು ಅಂತ ಎರಡು ಸಲ ನೋಡಿದೆ. 2008 + 10 = 2018, ಹಾಗಾಗಿ 2018ಕ್ಕೆ ಜನಕ ಇದ್ದಾನೆ. ಆದರೆ ಈ ತಾಳ ಯಾಕೆ ತಪ್ಪಿತು?

ಕಾಗದಪೆನ್ಸಿಲ್

ಇದನ್ನು ದಶಕದ ಸಾಲುಗಳಾಗಿ ನೋಡಬೇಕು. 1960ರಿಂದ 1969ರವರೆಗಿನ ಹತ್ತು ವರ್ಷಗಳಿಂದ ಹುಟ್ಟುವವು 1976, 1978, 1980 ಹೀಗೆ ಎರಡೆರಡು ಏರಿ 1994ಕ್ಕೆ ನಿಲ್ಲುತ್ತವೆ. ವರ್ಷ ಒಂದು ಏರಿದರೆ ಅಂಕಿಗಳ ಮೊತ್ತವೂ ಒಂದು ಏರುತ್ತದೆ, ಅದಕ್ಕೇ ಎರಡೆರಡು. 1980ರ ದಶಕದ ಸಾಲು 1998ಕ್ಕೆ ಶುರು. ನಡುವೆ 1996 ಖಾಲಿ ಉಳಿಯಿತು. ಬೆಸ ಸಂಖ್ಯೆಗಳ ಸಾಲುಗಳೂ ಹೀಗೇ: 1950ರ ದಶಕದ್ದು 1983ಕ್ಕೆ ನಿಂತಿತು, 1970ರದ್ದು 1987ಕ್ಕೆ ಶುರುವಾಯಿತು. ಆ ಸಂದಿಯಲ್ಲಿ ಉಳಿದದ್ದು 1985. ದಶಕಕ್ಕೆ ಒಂದು ಸಂದಿ. ಪ್ರತಿ ಸಂದಿಯೂ ಹಿಂದಿನದಕ್ಕಿಂತ ಹನ್ನೊಂದು ಮುಂದೆ.

1999 ಮುಗಿದು 2000 ಬಂದಾಗ ಅಂಕಿಗಳ ಮೊತ್ತ 28ರಿಂದ ಎರಡಕ್ಕೆ ಕುಸಿಯಿತು. ಹಾಗಾಗಿ 2000ದ ದಶಕದ ಸಾಲು ತುಂಬ ಹಿಂದೆ, 2002ಕ್ಕೇ ಶುರುವಾಗಿ 2020ರವರೆಗೆ ಹೋಗುತ್ತದೆ. 1980ರ ದಶಕದ ಸಾಲು ಆಗಲೇ 2016ರವರೆಗೆ ಹಾಸಿತ್ತು. ಎರಡು ಸಾಲು ಒಂದರ ಮೇಲೊಂದು ಬಿದ್ದವು. 2018ರ ಸಂದಿ ಮುಚ್ಚಿಹೋಯಿತು. 2014ಕ್ಕೆ ಇಬ್ಬರು ಜನಕರು ಸಿಕ್ಕಿದ್ದೂ ಇದೇ ಕಾರಣಕ್ಕೆ. ಮಗಳು ಕುಣಿದದ್ದು ಮತ್ತು ನಿಮ್ಮ ತಾಳ ತಪ್ಪಿದ್ದು ಒಂದೇ ಘಟನೆಯ ಎರಡು ಮುಖ. ಮುಂದಿನ ಸಂದಿ 2020 ಮತ್ತು 2024ರ ನಡುವೆ, ಅದು 2022.

ಸಂಜೆಬಸ್ಸು

ಇದು ತುಂಬ ಹಿಡಿಸಿತು. ನಾನು ತೆಗೆದ ಪಟ್ಟಿಯಲ್ಲಿ ಉತ್ತರ ಮಾತ್ರ ಇತ್ತು, ನೀವು ಸಾಲು ತೋರಿಸಿದಿರಿ.

ನಾನೂ ಒಂದು ಕೊಡುತ್ತೇನೆ. 1 + 1/2 + 1/3 + 1/4 ಹೀಗೆ ಕೂಡಿಸುತ್ತಾ ಹೋದರೆ ಮೊತ್ತಕ್ಕೆ ಕೊನೆ ಇಲ್ಲ. ತುಂಬ ನಿಧಾನ, ಆದರೂ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ. ಅದರಲ್ಲಿ 9 ಅಂಕಿ ಇರುವ ಸಂಖ್ಯೆಗಳನ್ನೆಲ್ಲ ತೆಗೆದುಬಿಡಿ. 1/9, 1/19, 1/90 ಎಲ್ಲ ಬೇಡ. 1914ರಲ್ಲಿ ಕೆಂಪ್ನರ್ ತೋರಿಸಿದರು: ಉಳಿದವುಗಳ ಮೊತ್ತ 80ನ್ನು ದಾಟುವುದಿಲ್ಲ. ನಿಜವಾದ ಬೆಲೆ ಸುಮಾರು 22.92. ಸಾಧನೆ ನಾಲ್ಕು ಸಾಲು. ಒಂದಂಕಿಯಲ್ಲಿ 9 ಇಲ್ಲದವು 8, ಎರಡಂಕಿಯಲ್ಲಿ 8 × 9, ಮೂರಂಕಿಯಲ್ಲಿ 8 × 9 × 9. ಒಂದಂಕಿಯವು ಪ್ರತಿಯೊಂದೂ ಹೆಚ್ಚೆಂದರೆ 1, ಎರಡಂಕಿಯವು 1/10, ಮೂರಂಕಿಯವು 1/100. ಹಾಗಾಗಿ ಒಂದೊಂದು ಗುಂಪಿನ ಮೊತ್ತ ಕ್ರಮವಾಗಿ 8ಕ್ಕಿಂತ, 8ರ ಹತ್ತರಲ್ಲಿ ಒಂಬತ್ತು ಪಾಲಿಗಿಂತ, ಅದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಆಗುವುದಿಲ್ಲ. ಎಲ್ಲ ಕೂಡಿಸಿದರೆ 80.

ಮೊದಲು ನನಗೆ ನಂಬಲು ಆಗಲಿಲ್ಲ. ಒಂದೇ ಅಂಕಿ ತೆಗೆದರೆ ಅನಂತ ಹೇಗೆ ಕರಗುತ್ತದೆ? ಆಮೇಲೆ ಎಣಿಸಿದೆ. ನೂರು ಅಂಕಿಯ ಸಂಖ್ಯೆಗಳಲ್ಲಿ 9 ಇಲ್ಲದ್ದು ಸುಮಾರು 38,000ಕ್ಕೆ ಒಂದು. ಉದ್ದ ಆದಷ್ಟೂ ಎಲ್ಲೋ ಒಂದು ಕಡೆ 9 ಬಂದೇ ಬರುತ್ತದೆ. ನಾವು ಒಂದು ಅಂಕಿ ತೆಗೆದೆವು ಅಂದುಕೊಂಡೆವು, ತೆಗೆದದ್ದು ಹೆಚ್ಚುಕಡಿಮೆ ಎಲ್ಲವನ್ನೂ.

ಅಷ್ಟು ವಿರಳವಾಗಿ ಉಳಿದ ಸಂಖ್ಯೆಗಳಲ್ಲೂ ಅವಿಭಾಜ್ಯಗಳು ಅನಂತವಾಗಿ ಇವೆ ಅಂತ ಜೇಮ್ಸ್ ಮೇನಾರ್ಡ್ ಸಾಧಿಸಿದರು. ಯಾವ ಅಂಕಿಯನ್ನು ಬೇಕಾದರೂ ಬಿಡಿ, 7 ಆಗಲಿ 9 ಆಗಲಿ. ಅದು ಪ್ರಕಟವಾದದ್ದು 2019ರಲ್ಲಿ. 2022ರಲ್ಲಿ ಅವರಿಗೆ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು. ನಾನು ಶುರುವಿನಲ್ಲಿ ಅವಿಭಾಜ್ಯವನ್ನು ಒಂದು ಕಡೆ, ಅಂಕಿಯನ್ನು ಇನ್ನೊಂದು ಕಡೆ ನಿಲ್ಲಿಸಿದ್ದೆ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದರೆ ಅಷ್ಟು ಕಷ್ಟದ ಗಣಿತ ಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಬಿಡಿಹತ್ತುನೂರು

ಕಾರಣ ಇರುವ ನಂಟು, ಕಾರಣ ಇಲ್ಲದ ನಂಟು, ಎರಡೂ ಇರುತ್ತವೆ ಅಂತ ಮಗುವಿಗೆ ಗೊತ್ತಿರಲಿ. ಮೂರು ಅಂಕಿಯ ಆಟದಲ್ಲಿ 6174ರ ಜಾಗಕ್ಕೆ ಬರುವುದು 495. ಭಾಸ್ಕರಾಚಾರ್ಯರ 1150ರ ಲೀಲಾವತಿಯ ಕೊನೆಯಲ್ಲಿ ಅಂಕಪಾಶ ಅನ್ನುವ ಭಾಗ ಇದೆ, ಅಂಕಿಗಳನ್ನು ಜೋಡಿಸುವ ಲೆಕ್ಕಗಳು. ಅಲ್ಲಿ ಒಂದು ಪ್ರಶ್ನೆ: ಐದು ಸ್ಥಾನ, ಸೊನ್ನೆ ಬೇಡ, ಅಂಕಿಗಳ ಮೊತ್ತ 13 ಆಗಬೇಕು, ಅಂಥ ಸಂಖ್ಯೆಗಳು ಎಷ್ಟು? ಉತ್ತರ 495. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ಬಸ್ಸಿನಲ್ಲಿ ಕೂತ ಹಾಗೆ. ಪ್ರಶ್ನೆ ಮಾತ್ರ ಬಹಳ ಚೆಂದದ್ದು, ಮಗು ಬಿಡಿಸಲಿ.

ಮಲ್ಲಿಗೆಮೊಗ್ಗು

ಮೇಷ್ಟ್ರೇ, ಅದನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದಾಳೆ. ಇವತ್ತು ಆರು ಅಂಕಿಗೆ ಹೋಗಿಬಿಟ್ಟಿದ್ದಾಳೆ.

ಗೇಟಿನ ಹತ್ತಿರದ ಕೊರಿಯರ್ ಕವರಿನ ಮೇಲೆ ಕಂಡ ಪಿನ್ ಕೋಡ್ ತಗೊಂಡಳು, ತುಮಕೂರಿನ 572101. 752110ರಲ್ಲಿ 011257 ಕಳೆದರೆ 740853. ಆಮೇಲೆ 840852, 860832, 862632, 642654, 420876. ಇಲ್ಲಿ ಏರಿಕೆ ಕ್ರಮದಲ್ಲಿ ಬರೆಯುವಾಗ ಮುಂದೆ ಸೊನ್ನೆ ಬಂತು. 024678 ಅಂತ ಪೂರ್ತಿ ಬರೆದಳು, ನಾನು ಹೇಳುವ ಮೊದಲೇ. ಉತ್ತರ 851742. ಆಮೇಲೆ 750843. ಆಮೇಲೆ ಮತ್ತೆ 840852.

ನಿಲ್ಲುತ್ತಲೇ ಇಲ್ಲ. ಏಳು ಸಂಖ್ಯೆಗಳು ಸುತ್ತು ಹೊಡೆಯುತ್ತಿವೆ. ತಪ್ಪಾಗಿದೆಯಾ?

ಕಾಗದಪೆನ್ಸಿಲ್

ತಪ್ಪಿಲ್ಲ! ಆರು ಅಂಕಿಗೆ ಒಂದೇ ನಿಲ್ದಾಣ ಇಲ್ಲ. 549945 ಮತ್ತು 631764 ತಮ್ಮಲ್ಲೇ ನಿಲ್ಲುತ್ತವೆ, ಮೂರನೆಯದು ಈ ಏಳರ ಉಂಗುರ. ಐದು ಅಂಕಿಯಲ್ಲಿ ನಿಲ್ದಾಣವೇ ಇಲ್ಲ, ಬರೀ ಉಂಗುರಗಳು. 53955 ಇಟ್ಟರೆ 59994, ಅದನ್ನಿಟ್ಟರೆ ಮತ್ತೆ 53955. ನಮ್ಮ ಮೈಸೂರಿನ 570001 ಇಟ್ಟು ನೋಡಿದೆ: 750843, ಆಮೇಲೆ 840852. ಒಂದೇ ಹೆಜ್ಜೆಗೆ ಅವಳ ಉಂಗುರದ ಒಳಗೆ.

ಕಾಗಿಣಾದಡ

ಕಲಬುರಗಿಯ 585101. 855110 − 011558 = 843552. 855432 − 234558 = 620874. 876420 − 024678 = 851742. ನಾವೂ ಅಲ್ಲಿಗೇ ಬಂದೆವು. ಅವಳಿಗೆ ಹೇಳಿ.